ಸೌಕರ್ಯ ಯಾರಿಗೆ, ಪ್ರಯಾಸ ಯಾರಿಗೆ?

2025ರ ಏಪ್ರಿಲ್ 14ರಂದು ತೆಲಂಗಾಣ ಸರ್ಕಾರವು ‘ಭೂಭಾರತಿ’ಯೆಂಬ ಹೊಸ ಭೂದಾಖಲೆಯ ವ್ಯವಸ್ಥೆಯನ್ನು ಜಾರಿಗೆ ತಂದಾಗ, ಅದನ್ನು ಮೊದಲು ಪ್ರಯೋಗಿಸಿ ನೋಡುವುದಕ್ಕೆಂದು ಆರಿಸಿಕೊಂಡ ನಾಲ್ಕು ಮಂಡಲಗಳಲ್ಲಿ ನಮ್ಮ ನಾರಾಯಣಪೇಟೆ ಜಿಲ್ಲೆಯ ಮದ್ದೂರೂ ಒಂದಾಗಿತ್ತು. ನಾರ್ವ, ಮಕ್ತಲ್, ಗದ್ವಾಲ್ ಕಡೆಯ ರೈತನು ಈ ಹೊಸ ಹೆಸರನ್ನು ಕೇಳಿ ಉತ್ಸಾಹಕ್ಕಿಂತ ಹೆಚ್ಚಾಗಿ ಎಚ್ಚರವನ್ನು ತಾಳಿದರೆ ಅವನನ್ನು ಆಕ್ಷೇಪಿಸುವಂತಿಲ್ಲ. ಏಕೆಂದರೆ ಅದಕ್ಕೆ ನಾಲ್ಕೂವರೆ ವರ್ಷ ಮೊದಲು, 2020ರ ಅಕ್ಟೋಬರ್ 29ರಂದು, ‘ಧರಣಿ’ಯೆಂಬ ಇನ್ನೊಂದು ವ್ಯವಸ್ಥೆಯು ಇಷ್ಟೇ ಸಂಭ್ರಮದಿಂದ ಬಂದಿತ್ತು. ಒಂದು ಸಾಧನವನ್ನು ಬಳಸುವುದು ಸುಲಭವಾಗಿರಬೇಕೆಂಬುದೂ, ಅದರಿಂದ ನಿಜವಾದ ಪ್ರಯೋಜನ ದೊರೆಯಬೇಕೆಂಬುದೂ ಒಂದೇ ಮಾತಿನ ಎರಡು ರೂಪಗಳೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆ ಭಾವನೆ ಎಷ್ಟು ದುರ್ಬಲವಾದದ್ದೆಂಬುದನ್ನು ಧರಣಿಯ ಚರಿತ್ರೆಯಷ್ಟು ಸ್ಪಷ್ಟವಾಗಿ ನಮ್ಮ ಸೀಮೆಯಲ್ಲಿ ಇನ್ನಾವುದೂ ತೋರಿಸಿಕೊಟ್ಟಿಲ್ಲ.

ಧರಣಿಯನ್ನು ದೂರುವುದು ಈಗ ವಾಡಿಕೆಯಾಗಿರುವುದರಿಂದ, ಅದರ ಗುಣವನ್ನು ಮೊದಲು ಹೇಳುವುದು ನ್ಯಾಯ. ಅದು ಬರುವುದಕ್ಕೆ ಮುಂಚೆ ಹೊಲವನ್ನು ಕೊಂಡವನು ನೋಂದಣಿಗಾಗಿ ಸಬ್‌ರಿಜಿಸ್ಟ್ರಾರರ ಕಛೇರಿಗೂ, ಆ ಬಳಿಕ ತನ್ನ ಹೆಸರು ಪಹಣಿಗೆ ಏರುವುದಕ್ಕಾಗಿ ಕಂದಾಯದ ಕಛೇರಿಗೂ ಬೇರೆಬೇರೆಯಾಗಿ ತಿರುಗಬೇಕಾಗಿತ್ತು; ಈ ಎರಡರ ನಡುವೆ ಕಳೆಯುವ ಕಾಲದಲ್ಲಿ ಒಂದೇ ಹೊಲವನ್ನು ಇಬ್ಬರಿಗೆ ಮಾರುವ ವಂಚನೆಗೂ, ಕಡತವನ್ನು ತಡೆದು ನಿಲ್ಲಿಸುವ ಕೈಗಳ ಲೋಭಕ್ಕೂ ಸಾಕಷ್ಟು ಅವಕಾಶವಿತ್ತು. ಧರಣಿಯು ಕೃಷಿಭೂಮಿಯ ನೋಂದಣಿಯ ಅಧಿಕಾರವನ್ನು ತಹಸೀಲ್ದಾರರಿಗೇ ವಹಿಸಿ, ರೈತನು ಮೀಸೇವಾ ಕೇಂದ್ರದಲ್ಲಿ ದಿನವನ್ನೂ ಹೊತ್ತನ್ನೂ ಗೊತ್ತುಮಾಡಿಕೊಂಡು ಹೋದರೆ, ನೋಂದಣಿಯೂ ಹೆಸರಿನ ಬದಲಾವಣೆಯೂ ಒಂದೇ ಸಲದ ಭೇಟಿಯಲ್ಲಿ ಮುಗಿಯುವಂತೆ ಮಾಡಿತು. ಯಾವನ ದಾಖಲೆಯಲ್ಲಿ ಯಾವ ದೋಷವೂ ಇರಲಿಲ್ಲವೋ ಅವನ ಪಾಲಿಗೆ ಇದು ಅಲ್ಪವಾದ ಉಪಕಾರವಲ್ಲ. ಅವನು ಧರಣಿಯನ್ನು ಹೊಗಳಿದರೆ ಅದು ಸತ್ಯವಾದ ಹೊಗಳಿಕೆಯೇ.

ತೊಡಕು ಬಂದದ್ದು ದಾಖಲೆಯಲ್ಲಿ ದೋಷವಿದ್ದವನಿಗೆ. 2017ರಲ್ಲಿ ರಾಜ್ಯದಾದ್ಯಂತ ಭೂದಾಖಲೆಗಳ ಶುದ್ಧೀಕರಣ ನಡೆದಾಗ ವಿವಾದವಿಲ್ಲದ ಜಮೀನುಗಳನ್ನು ‘ಎ’ ಭಾಗಕ್ಕೂ ವಿವಾದವುಳ್ಳವನ್ನು ‘ಬಿ’ ಭಾಗಕ್ಕೂ ಸೇರಿಸಲಾಗಿತ್ತು; ಆ ‘ಬಿ’ ಭಾಗದ ಗತಿಯೇನೆಂಬುದು ತೀರ್ಮಾನವಾಗುವ ಮೊದಲೇ ಧರಣಿ ಕಾಲಿಟ್ಟಿತು. ಹೆಸರಿನಲ್ಲಿ ಒಂದಕ್ಷರ ತಪ್ಪಿದವನು, ಸರ್ವೆ ನಂಬರಿನಲ್ಲಿ ಒಂದಂಕಿ ಹೆಚ್ಚುಕಡಮೆಯಾದವನು, ಎರಡೆಕರೆಯಲ್ಲಿ ಹತ್ತು ಗುಂಟೆ ಕಾಣೆಯಾದವನು, ತಲೆಮಾರುಗಳಿಂದ ಉಳುತ್ತಿದ್ದ ಹೊಲವು ನಿಷೇಧಿತ ಜಮೀನುಗಳ ಪಟ್ಟಿಯಲ್ಲಿ ಸೇರಿಹೋದವನು—ಇವರೆಲ್ಲರೂ ಧರಣಿಯ ಮುಂದೆ ನಿಂತಾಗ, ಮಾರುವುದಕ್ಕೂ ಕೊಳ್ಳುವುದಕ್ಕೂ ದಾನ ಕೊಡುವುದಕ್ಕೂ ಅದರಲ್ಲಿ ದಾರಿಯಿತ್ತೇ ಹೊರತು, ‘ಇದು ತಪ್ಪು, ಇದನ್ನು ತಿದ್ದಿರಿ’ ಎಂದು ಹೇಳುವುದಕ್ಕೆ ಮೊದಮೊದಲು ದಾರಿಯಿರಲಿಲ್ಲ. ಅದರೊಡನೆ ಬಂದ 2020ರ ಕಾನೂನು ಕಂದಾಯ ನ್ಯಾಯಾಲಯಗಳನ್ನು ರದ್ದುಗೊಳಿಸಿತ್ತು. ಊರಿನ ಗಡಿಗಳನ್ನೂ ಮನೆತನಗಳನ್ನೂ ಬಲ್ಲ ಗ್ರಾಮ ಕಂದಾಯಾಧಿಕಾರಿಯ ಹುದ್ದೆಯೂ ಅದೇ ವರ್ಷ ಹೋಗಿತ್ತು. ಹಳೆಯ ಪಹಣಿಯಲ್ಲಿದ್ದ ಅನುಭವದಾರನ ಅಂಕಣ ಹೊಸ ದಾಖಲೆಯಲ್ಲಿ ಇರಲಿಲ್ಲ. ತಿದ್ದುಪಡಿಯ ಅರ್ಜಿಗಳಿಗೆ ಒಂದೊಂದಾಗಿ ಬಾಗಿಲು ತೆರೆದದ್ದು ಆಮೇಲೆ. ಅವುಗಳ ನಿರ್ಣಯವೂ ಬಹುಮಟ್ಟಿಗೆ ದೂರದ ಜಿಲ್ಲಾಧಿಕಾರಿಯ ಮೇಜನ್ನು ಸೇರಿತು. ಸರ್ಕಾರದ ರೈತಬಂಧು ಯೋಜನೆಯ ಹಣವೂ, ಬ್ಯಾಂಕಿನ ಸಾಲವೂ ಜಮೀನಿನ ಪಾಸ್‌ಬುಕ್ಕನ್ನೇ ಆಧಾರವಾಗಿ ಹಿಡಿದದ್ದರಿಂದ, ಅಕ್ಷರದ ತಪ್ಪು ಅನ್ನದ ತಪ್ಪಾಗಿ ಪರಿಣಮಿಸಿತು.

ಇಲ್ಲಿ ನಡೆದದ್ದೇನೆಂಬುದನ್ನು ಶಾಂತವಾಗಿ ವಿಚಾರಿಸಿದರೆ ಒಂದು ಸಾಮಾನ್ಯ ನಿಯಮ ತೋರಿಬರುತ್ತದೆ. ಒಂದು ಕಾರ್ಯದಲ್ಲಿ ಅಡಗಿರತಕ್ಕ ಪ್ರಯಾಸವು, ಯಂತ್ರವೊಂದನ್ನು ತಂದು ಮುಂದಿಟ್ಟ ಮಾತ್ರಕ್ಕೆ ಇಲ್ಲವಾಗುವುದು ಅಪೂರ್ವ. ಬಹುಮಟ್ಟಿಗೆ ಅದು ಒಬ್ಬರ ಹೆಗಲಿನಿಂದ ಇಳಿದು ಮತ್ತೊಬ್ಬರ ಹೆಗಲಿಗೆ ಏರುತ್ತದೆ. ಭೂಮಿಯ ಹಕ್ಕನ್ನು ನಿರ್ಣಯಿಸುವುದು ಸ್ವಭಾವತಃ ಕಷ್ಟವಾದ ಕೆಲಸ: ಅದರಲ್ಲಿ ಸಾಕ್ಷ್ಯವಿದೆ, ದಾಯಾದಿಗಳ ಕಲಹವಿದೆ, ಮೋಜಣಿಯ ಲೋಪವಿದೆ, ಅನಕ್ಷರತೆಯ ದುರುಪಯೋಗವಿದೆ. ಈ ಕಷ್ಟವನ್ನು ಮೊದಲು ಅಧಿಕಾರಿಗಳು, ಒಳ್ಳೆಯದಾಗಿಯೋ ಕೆಟ್ಟದಾಗಿಯೋ, ಹೊರುತ್ತಿದ್ದರು. ಧರಣಿಯು ಅದನ್ನು ಅವರ ಮೇಜಿನಿಂದ ತೆಗೆಯಿತು. ತೆಗೆದು ಎಲ್ಲಿಟ್ಟಿತೆಂದರೆ, ಅದನ್ನು ಹೊರುವ ಶಕ್ತಿ ಎಲ್ಲರಿಗಿಂತ ಕಡಮೆಯಿದ್ದ ರೈತನ ತಲೆಯ ಮೇಲೆ. ಆದುದರಿಂದ ಒಂದು ವಸ್ತುವನ್ನೋ ವ್ಯವಸ್ಥೆಯನ್ನೋ ಪರೀಕ್ಷಿಸುವಾಗ ‘ಇದು ಸುಲಭವೇ?’ ಎಂದು ಕೇಳಿದರೆ ಸಾಲದು. ‘ಯಾರಿಗೆ ಸುಲಭವಾಯಿತು, ಆ ಸೌಕರ್ಯಕ್ಕಾಗಿ ಪ್ರಯಾಸವು ಯಾರಲ್ಲಿಗೆ ಹೋಯಿತು?’ ಎಂದು ಕೇಳತಕ್ಕದ್ದು. ಪ್ರಯಾಸವನ್ನು ಹೊರಬಲ್ಲವನು ತಿಳಿದೇ ವಹಿಸಿಕೊಂಡು, ಬಳಸುವವನಿಗೆ ಪ್ರಯೋಜನವನ್ನು ಮಾತ್ರ ತಲಪಿಸುವುದೇ ಒಳ್ಳೆಯ ರಚನೆಯ ಲಕ್ಷಣವೆಂಬುದು ಈ ಲೇಖನದ ಪ್ರತಿಪಾದನೆ.

ಪಂಡಿತರು ಈ ವಿಷಯವನ್ನು ಬೇರೆ ರೀತಿಯಲ್ಲಿ ಅಳೆದು ನೋಡಿದ್ದಾರೆ. 1989ರಲ್ಲಿ ಅಮೆರಿಕದ ಫ್ರೆಡ್ ಡೇವಿಸ್ ಎಂಬ ವಿದ್ವಾಂಸನು, ಜನ ಒಂದು ಕಂಪ್ಯೂಟರ್ ಸಾಧನವನ್ನು ಸ್ವೀಕರಿಸುವುದಕ್ಕೆ ಕಾರಣವೇನೆಂದು ಶೋಧಿಸಿ, ‘ಇದರಿಂದ ನನ್ನ ಕೆಲಸಕ್ಕೆ ಉಪಯೋಗವಿದೆ’ ಎಂಬ ಭಾವನೆಗೆ ‘ಇದನ್ನು ಬಳಸುವುದು ಸುಲಭ’ ಎಂಬ ಭಾವನೆಗಿಂತ ಬಹಳ ಹೆಚ್ಚಿನ ತೂಕವಿದೆಯೆಂದು ಕಂಡುಕೊಂಡನು. ಬೇಕಾದ ಕೆಲಸವನ್ನು ಮಾಡಿಕೊಡುವ ಸಾಧನದ ಕಷ್ಟವನ್ನು ಜನ ಸಹಿಸುತ್ತಾರೆ; ಬೇಡದ ಸಾಧನವನ್ನು ಅದರ ನಯಕ್ಕಾಗಿ ಇಟ್ಟುಕೊಳ್ಳುವುದಿಲ್ಲ. ಇದು ಸಂತೆಯ ಸರಕಿನ ಮಟ್ಟಿಗೆ ನಿಜ. ಅಲ್ಲಿ ಬೇಡವೆಂದು ಬಿಟ್ಟುಹೋಗುವ ಸ್ವಾತಂತ್ರ್ಯವೇ ಕೊಳ್ಳುವವನ ಆಯುಧ. ಆದರೆ ಸರ್ಕಾರವು ಒಂದೇ ಬಾಗಿಲನ್ನು ಇಟ್ಟು ಉಳಿದವನ್ನು ಮುಚ್ಚಿದಾಗ ಬಿಟ್ಟುಹೋಗುವುದು ಎಲ್ಲಿಗೆ? ಧರಣಿಯಲ್ಲಿ ಲಕ್ಷೋಪಲಕ್ಷ ವ್ಯವಹಾರಗಳು ನಡೆದವೆಂಬುದು ಅದರ ಪ್ರಯೋಜನಕ್ಕೆ ಪ್ರಮಾಣವಾಗಲಾರದು. ಬೇರೆ ದಾರಿಯಿಲ್ಲದವರು ನಡೆದ ದಾರಿಯನ್ನು ಜನಪ್ರಿಯವೆಂದು ಕರೆಯುವುದು ತರ್ಕವಲ್ಲ. ಏಕೈಕವಾದ ಸಾಧನವನ್ನು ನಿರ್ಮಿಸತಕ್ಕವನ ಹೊಣೆ ಅಂಗಡಿಗಾರನ ಹೊಣೆಗಿಂತ ದೊಡ್ಡದೆಂಬುದು ಇದರಿಂದ ಸಿದ್ಧವಾಗುತ್ತದೆ.

ಇದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡಬಹುದೆಂಬುದಕ್ಕೆ ದೃಷ್ಟಾಂತವನ್ನು ನಾವು ಬಹುದೂರ ಹುಡುಕಬೇಕಾಗಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ್ ಮತ್ತು ಆಲಂಪುರಗಳು ರಾಯಚೂರು ಜಿಲ್ಲೆಗೆ ಸೇರಿದ ತಾಲ್ಲೂಕುಗಳಾಗಿದ್ದವು. ಕೃಷ್ಣೆಯ ಈಚೆಗೂ ಆಚೆಗೂ ನೆಂಟಸ್ತನ ಇಂದಿಗೂ ಉಳಿದಿದೆ, ಜಮೀನೂ ಎರಡು ಕಡೆ ಇರುವವರಿದ್ದಾರೆ. ಆಚೆಯ ದಡದ ಕರ್ನಾಟಕದಲ್ಲಿ 2000ದ ಸುಮಾರಿನಲ್ಲಿ ‘ಭೂಮಿ’ ಯೋಜನೆ ಬಂದು, ಸುಮಾರು 67 ಲಕ್ಷ ರೈತರಿಗೆ ಸೇರಿದ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕಿನ ಕಿಟಕಿಯಲ್ಲಿ 15 ರೂಪಾಯಿಗೆ ಕನ್ನಡದ ಪಹಣಿಯನ್ನು ಕೊಡತೊಡಗಿತು. ಅದರಲ್ಲಿ ದೋಷವಿಲ್ಲವೆಂದಲ್ಲ. ಆದರೆ ಅದರ ರಚನೆಯಲ್ಲಿದ್ದ ಒಂದು ವಿವೇಕವನ್ನು ಇಲ್ಲಿ ಹೇಳಲೇಬೇಕು: ಹಕ್ಕು ಬದಲಾವಣೆಯ ಅರ್ಜಿಗಳನ್ನು ಅವು ಬಂದ ಕ್ರಮದಲ್ಲಿಯೇ ತೆಗೆದುಕೊಳ್ಳಬೇಕು, ಹಿಂದಿನದನ್ನು ಬಿಟ್ಟು ಮುಂದಿನದಕ್ಕೆ ಹಾರಕೂಡದು ಎಂದು ಯಂತ್ರವೇ ನೌಕರನನ್ನು ಕಟ್ಟುಪಾಡಿಗೆ ಒಳಪಡಿಸಿತು, ದಾಖಲೆಯನ್ನು ಮುಟ್ಟತಕ್ಕ ಅಧಿಕಾರಿಯು ತನ್ನ ಬೆರಳ ಗುರುತನ್ನು ಕೊಟ್ಟ ಮೇಲೆಯೇ ಒಳಗೆ ಪ್ರವೇಶಿಸಬೇಕಾಗಿತ್ತು. ನೌಕರನಿಗೆ ಇದು ಸೌಕರ್ಯವಲ್ಲ, ತೊಡಕು. ಆ ತೊಡಕೇ ರೈತನ ಪ್ರಯೋಜನವಾಯಿತು. ಎರಡು ವ್ಯವಸ್ಥೆಗಳಿಗೂ ಸಾಧನ ಕಂಪ್ಯೂಟರೇ. ಪ್ರಯಾಸವನ್ನು ಯಾರ ಕಡೆಗೆ ಹೊರಳಿಸಿದರೆಂಬುದರಲ್ಲಿ ಭೇದ.

ಪ್ರಯೋಜನವನ್ನು ಮುಂದಿಟ್ಟುಕೊಂಡು ವಸ್ತುವನ್ನು ರಚಿಸುವ ವಿದ್ಯೆ ನಮಗೆ ಹೊಸದೇನೂ ಅಲ್ಲ. 1958ರಲ್ಲಿ ಭಾರತ ಸರ್ಕಾರದ ಕರೆಯ ಮೇಲೆ ಇಲ್ಲಿಗೆ ಬಂದು, ದೇಶದಲ್ಲಿ ವಿನ್ಯಾಸ ಶಿಕ್ಷಣ ಹೇಗಿರಬೇಕೆಂದು ವರದಿಯೊಂದನ್ನು ಬರೆದುಕೊಟ್ಟ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು, ತಾವು ಕಂಡ ವಸ್ತುಗಳಲ್ಲೆಲ್ಲ ಹೆಚ್ಚಾಗಿ ಮೆಚ್ಚಿಕೊಂಡದ್ದು ನಮ್ಮ ಮನೆಮನೆಯ ತಂಬಿಗೆಯನ್ನು. ಅದು ಎಷ್ಟು ನೀರನ್ನು ಹಿಡಿಯಬೇಕು, ತುಂಬಿದಾಗ ಅದರ ತೂಕ ಎಲ್ಲಿ ನಿಲ್ಲಬೇಕು, ಹೆಂಗಸಿನ ಕೈಗೂ ಮಗುವಿನ ಕೈಗೂ ಕಂಠ ಹೇಗೆ ಒಗ್ಗಬೇಕು, ತೊಳೆಯುವುದಕ್ಕೆ ಕೈ ಒಳಗೆ ಹೋಗುವುದೆ, ಒಡೆದ ಮೇಲೆ ಲೋಹಕ್ಕೆ ಬೆಲೆ ಬರುವುದೆ ಎಂಬ ಪ್ರಶ್ನೆಗಳಿಗೆಲ್ಲ ಒಬ್ಬನೇ ಶಿಲ್ಪಿ ಒಂದು ದಿನ ಕುಳಿತು ಉತ್ತರ ಕೊಟ್ಟಿಲ್ಲ. ಅನೇಕ ಪೀಳಿಗೆಗಳು ಬಳಸಿ, ಬೇಡವಾದದ್ದನ್ನು ಬಿಟ್ಟು, ಬೇಕಾದದ್ದನ್ನು ಉಳಿಸಿಕೊಂಡು ಬಂದುದರ ಫಲ ಅದು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ತಂಬಿಗೆಯ ಸಾಲಿನಲ್ಲಿ ನಿಲ್ಲಬಲ್ಲ ಎರಡು ವಸ್ತುಗಳು ನಮ್ಮ ಸೀಮೆಯಲ್ಲಿಯೇ ನಿರ್ಮಾಣವಾಗುತ್ತವೆ. ಗದ್ವಾಲಿನ ಸೀರೆಯ ಒಡಲು ಹತ್ತಿ, ಅಂಚೂ ಸೆರಗೂ ರೇಷ್ಮೆ ಮತ್ತು ಜರಿ. ಸುಡುಬಿಸಿಲಿನ ಈ ನಾಡಿನಲ್ಲಿ ಮೈಗೆ ಹಿತವಾದದ್ದು ಹತ್ತಿ. ಪೂಜೆ ಪುನಸ್ಕಾರಗಳಿಗೂ ಮದುವೆ ಮುಂಜಿಗಳಿಗೂ ಶೋಭೆಯಾದದ್ದು ರೇಷ್ಮೆ. ಎರಡು ಸೀರೆಗಳನ್ನು ಕೊಳ್ಳಲಾರದ ಗೃಹಿಣಿಗೆ ಒಂದೇ ಸೀರೆಯಲ್ಲಿ ಎರಡರ ಫಲವನ್ನೂ ಒದಗಿಸಿದ್ದು ಸಾಮಾನ್ಯವಾದ ಯೋಚನೆಯಲ್ಲ. ಆದರೆ ಹತ್ತಿಯ ಎಳೆಯ ಸ್ವಭಾವವೇ ಬೇರೆ, ರೇಷ್ಮೆಯ ಎಳೆಯ ಸ್ವಭಾವವೇ ಬೇರೆ. ಎಳೆದರೆ ಒಂದು ಬಗ್ಗುವಂತೆ ಇನ್ನೊಂದು ಬಗ್ಗುವುದಿಲ್ಲ. ಇವೆರಡನ್ನು ಹೊಲಿಗೆಯಿಲ್ಲದೆ ಕೂಡಿಸುವುದಕ್ಕಾಗಿ, ನೇಕಾರನು ಒಡಲಿನ ಹೊಕ್ಕಿಗೂ ಅಂಚಿನ ಹೊಕ್ಕಿಗೂ ಬೇರೆಬೇರೆ ಲಾಳಿಗಳನ್ನಿಟ್ಟು, ಅವು ಸಂಧಿಸುವ ಎಡೆಯಲ್ಲಿ ಸಾಲುಸಾಲಿಗೂ ಎಳೆಗೆ ಎಳೆಯನ್ನು ಕೊಂಡಿಹಾಕುತ್ತ ಹೋಗುತ್ತಾನೆ. ಕುಪ್ಪಡಮೆಂದು ಆ ಕಡೆ ಇದಕ್ಕೆ ಹೆಸರು. ಉಡುವವಳ ಸೌಕರ್ಯವೆಲ್ಲ ಮಗ್ಗದ ಮುಂದೆ ಕುಳಿತವನ ಕಣ್ಣಿನಿಂದಲೂ ಸೊಂಟದಿಂದಲೂ ಬಂದದ್ದು. ಅಂಚನ್ನು ಬೇರೆ ತಂದು ಹೊಲಿದು ಕೊಡುವುದು ನೆಯ್ಯುವವನಿಗೆ ಎಷ್ಟೋ ಸುಲಭ. ಆದರೆ ಹೊಲಿಗೆಯ ಎಡೆಯಲ್ಲಿ ಮುದುರಿ, ನಾಲ್ಕು ಒಗೆತಕ್ಕೆ ಬಿಚ್ಚುವ ಸೀರೆಯ ಪ್ರಯಾಸವನ್ನು ಉಟ್ಟವಳು ಅನುಭವಿಸಬೇಕು.

ನಾರಾಯಣಪೇಟೆಯ ಸೀರೆಯಲ್ಲಿ ವಿವೇಕವು ಇನ್ನೊಂದು ಕಡೆಗೆ ಹರಿದಿದೆ. ಅಲ್ಲಿ ಮಗ್ಗಕ್ಕೆ ಒಂದು ಸೀರೆಯ ಹಾಸನ್ನು ಹೂಡದೆ, ಎಂಟು ಸೀರೆಗಳಿಗೆ ಸಲ್ಲುವ 56 ಗಜದ ಹಾಸನ್ನು ಒಂದೇ ಸಲಕ್ಕೆ ಹೂಡುತ್ತಾರೆ. ನೇಯ್ಗೆಯಲ್ಲಿ ಹೊತ್ತನ್ನು ನುಂಗುವ ಕೆಲಸ ಹಾಸನ್ನು ಹೂಡುವುದು. ಆ ಶ್ರಮವು ಎಂಟು ಸೀರೆಗಳಿಗೆ ಹಂಚಿಹೋಗುವುದರಿಂದ ಒಂದೊಂದರ ಬೆಲೆಯೂ ಇಳಿಯುತ್ತದೆ, ಸಾಧಾರಣ ಮನೆಗೂ ಸೀರೆ ತಲಪುತ್ತದೆ. ಗದ್ವಾಲ್ ಶ್ರಮವನ್ನು ಸಹಿಸಿ ಗುಣವನ್ನು ಸಾಧಿಸಿತು. ನಾರಾಯಣಪೇಟೆಯು ಶ್ರಮವನ್ನು ಹಂಚಿ ಬೆಲೆಯನ್ನು ಸಾಧಿಸಿತು. ಎರಡರಲ್ಲಿಯೂ ಕಷ್ಟವನ್ನು ಮುಚ್ಚಿಡಲಿಲ್ಲ, ಬಳಸುವವಳ ಮೇಲೆ ಹೇರಲೂ ಇಲ್ಲ. ಭೌಗೋಳಿಕ ಸೂಚಿಯ ಮನ್ನಣೆ ಎರಡಕ್ಕೂ ದೊರಕಿದೆ. ತಿರುಮಲೆಯ ಬ್ರಹ್ಮೋತ್ಸವಕ್ಕೆ ಗದ್ವಾಲಿನಿಂದ ಜೋಡು ಪಂಚೆ ಹೋಗುವ ಸಂಪ್ರದಾಯವೂ ಸಂಸ್ಥಾನದ ಕಾಲದಿಂದ ನಡೆದುಬಂದಿದೆ. ಆದರೆ ಸೀರೆಯ ಬೆಲೆಯಲ್ಲಿ ಕುಪ್ಪಡದ ಶ್ರಮಕ್ಕೆ ಸಲ್ಲತಕ್ಕ ಪಾಲು ಸಲ್ಲದೆಹೋದರೆ ಉಡುವವಳ ಸುಖವು ನೇಕಾರನ ಸಾಲವಾಗಿ ನಿಲ್ಲುತ್ತದೆ. ಅಂಥದನ್ನು ಎಷ್ಟು ಚೆಲುವಾಗಿದ್ದರೂ ಒಳ್ಳೆಯ ರಚನೆಯೆಂದು ಹೇಳಲಾಗದು.

ನೇಕಾರನ ಶ್ರಮವನ್ನೇ ತನ್ನ ಪ್ರಶ್ನೆಯನ್ನಾಗಿ ಮಾಡಿಕೊಂಡು ಉತ್ತರ ಕಂಡವರು ಹಿಂದಿನ ನಲ್ಗೊಂಡ ಜಿಲ್ಲೆಯ ಆಲೇರಿನ ಬಳಿಯ ಚಿಂತಕಿಂದಿ ಮಲ್ಲೇಶಂ. ಪೋಚಂಪಲ್ಲಿಯ ಮಾದರಿಯ ಸೀರೆಗೆ ನೂಲನ್ನು ಅಣಿಮಾಡುವ ‘ಆಸು’ ಎಂಬ ಕೆಲಸದಲ್ಲಿ, ಅರ್ಧವೃತ್ತಾಕಾರವಾಗಿ ನೆಟ್ಟ ಗೂಟಗಳ ಮೇಲೆ ಎಳೆಯನ್ನು ಸುತ್ತುವ ಹೆಂಗಸು ಒಂದು ಸೀರೆಗೆ ಸುಮಾರು 9,000 ಸಲ ಕೈಯನ್ನು ಚಾಚಿ ಮಡಿಸಬೇಕಾಗಿತ್ತು. ತಾಯಿ ಲಕ್ಷ್ಮಿಯ ಭುಜದ ನೋವನ್ನು ನೋಡಿ ಬೆಳೆದ ಮಲ್ಲೇಶಂ, ಹೆಚ್ಚಿನ ವಿದ್ಯಾಭ್ಯಾಸವಿಲ್ಲದೆ, ವರ್ಷಗಳ ಕಾಲ ತೊಡಗಿ, 1999ರಲ್ಲಿ ಆ ಕೆಲಸವನ್ನು ತಾನೇ ಮಾಡತಕ್ಕ ಯಂತ್ರವನ್ನು ನಿರ್ಮಿಸಿದರು. ನಾಲ್ಕೈದು ಗಂಟೆಗಳ ಕೆಲಸ ಒಂದೂವರೆ ಗಂಟೆಗೆ ಇಳಿಯಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆ ಯಂತ್ರ ಕಣ್ಣಿಗೆ ಸೊಗಸಾದದ್ದಲ್ಲ. ಆದರೆ ಇಲ್ಲಿ ಪ್ರಯಾಸವು ಒಬ್ಬಳ ತೋಳಿನಿಂದ ಇಳಿದು ಇನ್ನೊಬ್ಬಳ ತೋಳಿಗೆ ಏರಲಿಲ್ಲ. ಯಂತ್ರದ ಕಬ್ಬಿಣಕ್ಕೆ ಏರಿತು. ಪ್ರಯಾಸವು ನಿಜವಾಗಿಯೂ ಇಲ್ಲವಾದ ಅಪೂರ್ವ ಪ್ರಸಂಗಗಳಲ್ಲಿ ಇದೊಂದು.

ಊರೂರಿನ ಬೋರಿಂಗು ಕಲಿಸತಕ್ಕ ಪಾಠ ಇದಕ್ಕಿಂತಲೂ ವಿಶಾಲವಾದದ್ದು. 1960ರ ದಶಕದ ಬರಗಾಲಗಳ ತರುವಾಯ ಗಟ್ಟಿಕಲ್ಲಿನ ನೆಲದಲ್ಲಿ ಕೊಳವೆಬಾವಿಗಳನ್ನು ಕೊರೆಯುವ ಯಂತ್ರಗಳು ದೇಶಕ್ಕೆ ಬಂದಾಗ, ಆ ಬಾವಿಗಳ ಮೇಲೆ ಕೂರಿಸಿದ ಬೀಡುಕಬ್ಬಿಣದ ಕೈಪಂಪುಗಳು ಯೂರೋಪು ಅಮೆರಿಕಗಳಲ್ಲಿ ಒಂದೊಂದು ಮನೆಯ ಬಳಕೆಗೆ ಮಾಡಿದವುಗಳ ಅನುಕರಣಗಳಾಗಿದ್ದವು. ಒಂದು ಕುಟುಂಬವು ದಿನಕ್ಕೆ ನಾಲ್ಕು ಬಾರಿ ಒತ್ತುವ ಹಿಡಿಕೆಯನ್ನು ಇಡೀ ಊರು ಮುಂಜಾನೆಯಿಂದ ಇರುಳಿನವರೆಗೆ ಒತ್ತಿತು. ಕೀಲುಗಳು ಸವೆದುವು, ಹಿಡಿಕೆಗಳು ಮುರಿದುವು, 1970ರ ದಶಕದ ಆರಂಭದ ಹೊತ್ತಿಗೆ ಅವುಗಳಲ್ಲಿ ಬಹುಪಾಲು ಕೆಟ್ಟು ನಿಂತವು. ಹೊಸತಾಗಿದ್ದ ದಿನ ಅವುಗಳನ್ನು ಒತ್ತಿ ನೋಡಿದವನಿಗೆ ಬಳಕೆಯಲ್ಲಿ ಯಾವ ದೋಷವೂ ಕಂಡಿರಲಾರದು. ದೋಷವಿದ್ದದ್ದು, ಇದನ್ನು ಎಷ್ಟು ಜನ ಎಷ್ಟು ವರ್ಷ ಒತ್ತುವರೆಂದು ಕೇಳಿಕೊಳ್ಳದೆ ಇದ್ದುದರಲ್ಲಿ. ಆ ಪ್ರಶ್ನೆಯನ್ನು ಕೇಳಿಕೊಂಡವರು ನಮಗೆ ಸಮೀಪದ ಸೊಲ್ಲಾಪುರದಲ್ಲಿದ್ದ ಮಿಷನರಿಗಳು. ಹಲವು ಕೀಲುಗಳ ಬದಲು ಒಂದೇ ಕೀಲು, ಅದಕ್ಕೆ ಧೂಳು ಹೊಗದಂತೆ ಮುಚ್ಚಿದ ಬೇರಿಂಗು, ದಂಡವನ್ನು ನೇರವಾಗಿ ಎತ್ತುವ ಸರಪಣಿ—ಇವುಗಳಿಂದ ಉಕ್ಕಿನ ಪಂಪೊಂದನ್ನು ಅವರು ರೂಪಿಸಿದರು. ಅದನ್ನೇ ಆಧಾರವಾಗಿಟ್ಟುಕೊಂಡು ಯುನಿಸೆಫ್ ಮತ್ತು ಭಾರತ ಸರ್ಕಾರಗಳು ತಂತ್ರಜ್ಞರೊಡನೆ ಸೇರಿ, ಕೊಯಮತ್ತೂರಿನ ಸುತ್ತ ಪರೀಕ್ಷಿಸಿ, 1970ರ ದಶಕದ ಕೊನೆಗೆ ‘ಇಂಡಿಯಾ ಮಾರ್ಕ್ 2’ ಪಂಪನ್ನು ಹೊರತಂದವು. ಅದು ಲಕ್ಷಗಟ್ಟಲೆಯಾಗಿ ದೇಶವನ್ನು ವ್ಯಾಪಿಸಿ, ಹೊರದೇಶಗಳಿಗೂ ಹೋಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲವೆಂಬುದೇ ಅದರ ಹಿರಿಮೆ. ಮಾರ್ಕ್ 2 ಅಪರೂಪಕ್ಕೆ ಕೆಡುತ್ತಿತ್ತು. ಆದರೆ ಕೆಟ್ಟಾಗ ನೆಲದೊಳಗಿನ ಕೊಳವೆಗಳನ್ನೆಲ್ಲ ಮೇಲೆತ್ತಬೇಕಾಗುತ್ತಿತ್ತು, ಅದಕ್ಕೆ ಭಾರವಾದ ಸಲಕರಣೆಗಳೊಡನೆ ದೂರದಿಂದ ಒಂದು ತಂಡವೇ ಬರಬೇಕಾಗುತ್ತಿತ್ತು. ತಂಡ ಬರುವವರೆಗಿನ ದಿನಗಳಲ್ಲಿ ಪ್ರಯಾಸವೆಲ್ಲ ಕೊಡ ಹೊತ್ತು ಮೈಲಿಗಟ್ಟಲೆ ನಡೆಯುವ ಹೆಂಗಸರದು. ಇದನ್ನು ಕಂಡು, ಕೊಳವೆಯನ್ನು ಅಗಲವಾಗಿಸಿ, ಅದನ್ನು ಎತ್ತದೆಯೇ ಒಳಗಿನ ಕೊಂತವನ್ನೂ ಕವಾಟವನ್ನೂ ಹೊರಗೆ ಸೆಳೆದು ರಿಪೇರಿ ಮಾಡುವಂತೆ 1980ರ ದಶಕದಲ್ಲಿ ‘ಮಾರ್ಕ್ 3’ನ್ನು ರೂಪಿಸಿದರು. ಬೆಲೆ ಏರಿತು, ಒತ್ತುವವನಿಗೆ ಅದರಿಂದ ಹೊಸ ಸುಖವೇನೂ ಕಾಣಲಿಲ್ಲ. ಆದರೆ ಕೆಟ್ಟ ಪಂಪನ್ನು ಊರಿನವನೇ ತಿದ್ದಿಕೊಳ್ಳುವ ಶಕ್ತಿ ಊರಿಗೆ ಬಂದಿತು. ಧರಣಿಗೆ ಇಲ್ಲದೆಹೋದದ್ದು ಈ ಗುಣ.

ಹೀಗೆಂದ ಮಾತ್ರಕ್ಕೆ ಸೌಕರ್ಯವನ್ನು ಆಡಂಬರವೆಂದು ತಳ್ಳಿಹಾಕುವುದೂ ಅವಿವೇಕವಾದೀತು. ನಲ್ಗೊಂಡದ ನೆಲದ ನೀರಿನಲ್ಲಿ ಫ್ಲೋರೈಡಿನ ವಿಷವಿರುವುದೂ, ಅದನ್ನು ಕುಡಿದವರ ಎಲುಬುಗಳು ಸೊಟ್ಟಗಾದುದೂ ದೇಶಕ್ಕೆಲ್ಲ ತಿಳಿದ ದುಃಖ. ನಾಗಪುರದ ‘ನೀರಿ’ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ಇದಕ್ಕೆ ‘ನಲ್ಗೊಂಡ ವಿಧಾನ’ವೆಂಬ ಪರಿಹಾರವನ್ನು ಕಂಡುಹಿಡಿದರು: ನೀರಿಗೆ ಪಟಿಕವನ್ನೂ ಸುಣ್ಣವನ್ನೂ ಅಳತೆಯಿಂದ ಬೆರೆಸಿ, ಹದವಾಗಿ ಕಲಕಿ, ಗಂಟೆಯ ಹೊತ್ತು ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಬಸಿದುಕೊಳ್ಳುವುದು. ಖರ್ಚು ಅಲ್ಪ, ವಿಜ್ಞಾನ ಶುದ್ಧ, ಪ್ರಯೋಜನ ಪ್ರಾಣದಷ್ಟು. ಆದರೆ ಹೊತ್ತು ಹುಟ್ಟುವ ಮೊದಲೇ ಕೂಲಿಗೆ ಹೊರಡಬೇಕಾದ ಮನೆಯಲ್ಲಿ, ದಿನದಿನವೂ, ಜೀವನಪರ್ಯಂತ, ತಪ್ಪದೆ ಇದನ್ನು ಮಾಡುವವರು ಯಾರು? ಪಟಿಕವನ್ನು ತೂಗುವ ತಕ್ಕಡಿಯಾದರೂ ಎಲ್ಲಿಯದು? ರೋಗದ ಭಾರವನ್ನು ಹೊತ್ತವರ ಮೇಲೆಯೇ ಚಿಕಿತ್ಸೆಯ ಭಾರವನ್ನೂ ಹೊರಿಸಿದಂತಾಯಿತು. ನದಿಯ ನೀರನ್ನು ಶುದ್ಧಿಮಾಡಿ ಕೊಳವೆಯಲ್ಲಿ ಮನೆಗೆ ತರುವುದು ಅದಕ್ಕಿಂತ ಬಹಳ ಹೆಚ್ಚಿನ ವೆಚ್ಚದ ಕೆಲಸವಾದರೂ, ಆ ಪ್ರಯಾಸವನ್ನು ಹೊರತಕ್ಕವರು ಹೊತ್ತುಕೊಳ್ಳುವುದರಿಂದ ಅದೇ ಸರಿಯಾದ ಉತ್ತರ. ಬಳಸಲಾರದ ಪ್ರಯೋಜನವು ಪುಸ್ತಕದಲ್ಲಿ ಪ್ರಯೋಜನ, ಮನೆಯಲ್ಲಿ ಅಲ್ಲ.

ಭಾಷೆಯ ವಿಷಯವೂ ಇಲ್ಲಿಯೇ ಬರತಕ್ಕದ್ದು. ಮಕ್ತಲ್ ಮತ್ತು ಕೃಷ್ಣಾ ಮಂಡಲಗಳ ಅಂಚಿನ ಊರುಗಳಲ್ಲಿ ಮನೆಯ ಮಾತು ಕನ್ನಡ. ಕನ್ನಡ ಮಾಧ್ಯಮದಲ್ಲಿ ಓದಿದವರೂ ಇದ್ದಾರೆ. ಭೂದಾಖಲೆಯ ಜಾಲದ ಭಾಷೆಗಳು ತೆಲುಗು ಮತ್ತು ಇಂಗ್ಲಿಷ್. ವ್ಯವಹಾರದ ತೆಲುಗನ್ನು ನಮ್ಮವರು ಸರಾಗವಾಗಿ ಆಡುತ್ತಾರೆಂಬುದು ನಿಜವಾದರೂ, ಆಡುವುದು ಬೇರೆ, ಹಕ್ಕುಪತ್ರದ ಕಾನೂನು ನುಡಿಯನ್ನು ಓದಿ ಒಪ್ಪಿಗೆ ಕೊಡುವುದು ಬೇರೆ. ಆದ್ದರಿಂದ ರೈತನು ಕೇಂದ್ರದಲ್ಲಿ ಕುಳಿತವನ ಕಣ್ಣಿನಿಂದ ತನ್ನ ಹೊಲವನ್ನು ನೋಡಿಕೊಳ್ಳಬೇಕಾಗುತ್ತದೆ. ಸುಲಭವಾದ ವ್ಯವಸ್ಥೆಯ ಸೌಕರ್ಯವೆಲ್ಲ ಮಧ್ಯವರ್ತಿಯ ಪಾಲಾಗುತ್ತದೆ. ಗಡಿಯ ಮಂಡಲಗಳಲ್ಲಿ ಪಹಣಿಯ ಪ್ರತಿಯನ್ನು ಕನ್ನಡದಲ್ಲಿಯೂ ಮುದ್ರಿಸಿ ಕೊಡುವುದು ಕಂಪ್ಯೂಟರಿನ ಯುಗದಲ್ಲಿ ಅಸಾಧ್ಯವೇನಲ್ಲ.

ಕೆಲವು ಎಡೆಗಳಲ್ಲಿ ಸೌಕರ್ಯವೇ ಅಪಾಯವಾಗುತ್ತದೆಂಬುದನ್ನೂ ಈಚಿನ ವರ್ಷಗಳು ತೋರಿಸಿಕೊಟ್ಟಿವೆ. 2020ರ ಕೊನೆಯಲ್ಲಿ ಹೈದರಾಬಾದಿನ ಪೊಲೀಸರು ಹಿಡಿದ ಮೊಬೈಲ್ ಸಾಲದ ಆ್ಯಪ್‌ಗಳು ಬಳಕೆಯ ದೃಷ್ಟಿಯಿಂದ ಪರಿಪೂರ್ಣವಾಗಿದ್ದವು: ಜಾಮೀನಿಲ್ಲ, ಕಾಗದವಿಲ್ಲ, ನಾಲ್ಕು ಸಲ ಬೆರಳನ್ನು ಒತ್ತಿದರೆ ಹಣ ಖಾತೆಗೆ ಬರುತ್ತಿತ್ತು. ಆ ಒತ್ತುಗಳಲ್ಲೊಂದು ಫೋನಿನಲ್ಲಿದ್ದ ನೆಂಟರಿಷ್ಟರ ನಂಬರುಗಳನ್ನೆಲ್ಲ ಸಾಲ ಕೊಟ್ಟವನಿಗೆ ಒಪ್ಪಿಸುತ್ತಿತ್ತು. ಮುಂದಿನ ಬೆದರಿಕೆಗಳನ್ನು ತಾಳಲಾರದೆ ಪ್ರಾಣ ಕಳೆದುಕೊಂಡವರೂ ಉಂಟು. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ವಿಧಿಸಿದ ನಿಯಮಗಳು ಫೋನಿನ ನಂಬರುಗಳಿಗೆ ಕೈಹಾಕುವುದನ್ನು ನಿಷೇಧಿಸಿ, ಸಾಲದ ನಿಜವಾದ ವೆಚ್ಚವನ್ನು ಮೊದಲೇ ಬರೆದು ತೋರಿಸಬೇಕೆಂದೂ, ಸಾಲ ಪಡೆದವನು ಮನಸ್ಸು ಬದಲಿಸಿದರೆ ದಂಡವಿಲ್ಲದೆ ಅಸಲನ್ನೂ ಅಷ್ಟು ದಿನಗಳ ಬಡ್ಡಿ ವೆಚ್ಚವನ್ನೂ ಹಿಂತಿರುಗಿಸಿ ಹೊರಬರುವುದಕ್ಕೆ ಅವಧಿಯಿರಬೇಕೆಂದೂ ವಿಧಿಸಿದವು. ಓಡುವ ವ್ಯವಹಾರವನ್ನು ಉದ್ದೇಶಪೂರ್ವಕವಾಗಿ ನಿಧಾನಗೊಳಿಸಿದ ಈ ಕ್ರಮವು ಒಂದು ಉತ್ತಮ ವಿನ್ಯಾಸವೇ. ಎಲ್ಲಿ ಸುಲಭವಾಗಿಸಬೇಕು, ಎಲ್ಲಿ ತಡೆದು ನಿಲ್ಲಿಸಿ ಮತ್ತೊಮ್ಮೆ ಯೋಚಿಸುವಂತೆ ಮಾಡಬೇಕು ಎಂಬ ತಾರತಮ್ಯ ಜ್ಞಾನವೇ ರಚನಕಾರನ ನಿಜವಾದ ವಿದ್ಯೆ.

‘ಆರಂಭದಲ್ಲಿಯೇ ಎಲ್ಲ ತೊಡಕುಗಳನ್ನೂ ಊಹಿಸಿ ಕುಳಿತರೆ ಯಾವ ಸಾಧನವೂ ಹೊರಬರುವುದಿಲ್ಲ, ಬಹುಜನಕ್ಕೆ ಅನುಕೂಲವಾದದ್ದನ್ನು ಮೊದಲು ಕೊಟ್ಟು, ಉಳಿದ ಕೆಲವರನ್ನು ಆಮೇಲೆ ನೋಡಿಕೊಳ್ಳೋಣ’ ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಮಾರ್ಕ್ 2 ಬಂದ ಮೇಲಲ್ಲವೆ ಮಾರ್ಕ್ 3 ಬಂದದ್ದು? ನಿಜ, ಆದರೆ ಮಾರ್ಕ್ 2ನ್ನು ನೆಟ್ಟ ದಿನ ಊರಿನ ಹಳೆಯ ಬಾವಿಯನ್ನು ಮುಚ್ಚಬೇಕೆಂದು ಯಾರೂ ಕಾನೂನು ಮಾಡಲಿಲ್ಲ. ಹೊಸದು ನೆಲೆಗೊಳ್ಳುವವರೆಗೆ ಹಳೆಯ ದಾರಿ ತೆರೆದಿರಲೆಂಬುದಷ್ಟೇ ನಮ್ಮ ಬೇಡಿಕೆ. ಕಂದಾಯ ನ್ಯಾಯಾಲಯವನ್ನು ಮುಚ್ಚಿದ ದಿನವೇ ತಿದ್ದುಪಡಿಯ ದಾರಿಯಿಲ್ಲದ ಯಂತ್ರವನ್ನು ತೆರೆದದ್ದು ಅವಸರದ ತಪ್ಪಲ್ಲ, ತತ್ತ್ವದ ತಪ್ಪು. ಭೂಭಾರತಿಯ ಕಾನೂನು ತಹಸೀಲ್ದಾರರ ಆಜ್ಞೆಯ ಮೇಲೆ ಕಂದಾಯ ವಿಭಾಗಾಧಿಕಾರಿಗೂ ಜಿಲ್ಲಾಧಿಕಾರಿಗೂ ಮೇಲ್ಮನವಿ ಹೋಗುವ ಕ್ರಮವನ್ನು ಮತ್ತೆ ಸ್ಥಾಪಿಸಿರುವುದು ಈ ತತ್ತ್ವವನ್ನು ಒಪ್ಪಿಕೊಂಡದ್ದಕ್ಕೆ ಗುರುತು.

ನಾರ್ವವು ಕೇಂದ್ರ ಸರ್ಕಾರವು ಏಳಿಗೆಗಾಗಿ ಆರಿಸಿದ ‘ಆಕಾಂಕ್ಷೆಯ ಬ್ಲಾಕು’ಗಳ ಪಟ್ಟಿಯಲ್ಲಿ ಸೇರಿರುವ ಮಂಡಲ. ಹೊಸ ಯೋಜನೆಗಳೂ ಅವುಗಳನ್ನು ಅಳೆಯುವ ಹೊಸ ಸಾಧನಗಳೂ ಇಲ್ಲಿಗೆ ಬರುತ್ತಲೇ ಇರುತ್ತವೆ. ಅವುಗಳನ್ನು ಕಟ್ಟಿಕೊಡತಕ್ಕವರಿಂದ ಮೂರು ವಿಷಯಗಳನ್ನು ನಾವು ಕೇಳುವುದು ಸಾಧು. ಮೊದಲನೆಯದಾಗಿ, ಎಲ್ಲವೂ ಸರಿಯಾಗಿದ್ದಾಗ ಕೆಲಸ ಹೇಗೆ ನಡೆಯುವುದೆಂದು ತೋರಿಸುವುದಕ್ಕೆ ಮುಂಚೆ, ತಪ್ಪಿದಾಗ ಅದನ್ನು ಯಾರು, ಎಲ್ಲಿ, ಎಷ್ಟು ದಿನದೊಳಗೆ ಸರಿಪಡಿಸುವರೆಂದು ಬರೆದು ತೋರಿಸಲಿ. ಆ ಅಧಿಕಾರಿಯ ಹುದ್ದೆಯೂ ಗಡುವೂ ಪ್ರತಿಯೊಂದು ರಸೀದಿಯ ಮೇಲೆ ಓದುವವನ ಭಾಷೆಯಲ್ಲಿ ಅಚ್ಚಾಗಿರಲಿ. ಎರಡನೆಯದಾಗಿ, ಮುಗಿದ ವ್ಯವಹಾರಗಳ ಸಂಖ್ಯೆಯನ್ನು ಪ್ರಕಟಿಸುವ ಪಕ್ಕದಲ್ಲಿಯೇ, ಬಗೆಹರಿದ ಮತ್ತು ಬಗೆಹರಿಯದ ದೂರುಗಳ ಸಂಖ್ಯೆಯನ್ನೂ ಮಂಡಲವಾರಾಗಿ ಪ್ರಕಟಿಸಲಿ. ಮೂರನೆಯದಾಗಿ, ಹೊಸ ಸಾಧನದಿಂದ ಉಳಿತಾಯವಾದ ಶ್ರಮ ಯಾರದು, ಹೆಚ್ಚಾದ ಶ್ರಮ ಯಾರದು ಎಂಬ ಲೆಕ್ಕವನ್ನು ಟೆಂಡರಿನ ಕಾಗದದಲ್ಲಿಯೇ ಸೇರಿಸಲಿ. ಈ ಲೆಕ್ಕವನ್ನು ಕೊಡಲಾರದ ವ್ಯವಸ್ಥೆಯನ್ನು, ಅದರ ಮುಖ ಎಷ್ಟೇ ಮನೋಹರವಾಗಿರಲಿ, ಪ್ರಜೆಗಳ ಹಣದಿಂದ ಕೊಳ್ಳಕೂಡದು. ಕೊಂಡದ್ದಾದರೆ, ಅದು ಲೆಕ್ಕವನ್ನು ಒಪ್ಪಿಸುವವರೆಗೆ ಹಳೆಯ ಬಾಗಿಲನ್ನು ಮುಚ್ಚಕೂಡದು.